ಮೊದಲು ಗುಂಡಿ, ಆಮೇಲೆ ಉಂಗುರ

ಲೆನ್ಸಿನ ಉಂಗುರ ತಿರುಗಲಿಲ್ಲ. ಫೋಟೋಗ್ರಾಫರ್ ಅದರ ಕತ್ತು ಹಿಡಿದು ಇನ್ನೂ ಸ್ವಲ್ಪ ಬಲ ಹಾಕಿದ. ಒಳಗಿನಿಂದ ಕರ್ ಎಂದು ಹಲ್ಲು ಕಡಿದ ಸದ್ದು ಬಂತು. ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

ಎದುರಿಗೆ, ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ, ತಾಯಿಯೊಬ್ಬಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನದು ಸೀಳುತುಟಿ. "ನಾಳೆ ಆಪರೇಷನ್," ಎಂದು ಒಳಗೆ ಬಂದ ಕೂಡಲೇ ಹೇಳಿದ್ದಳು. "ಹೊಲಿದು ಸರಿ ಮಾಡ್ತಾರೆ. ಒಳ್ಳೇದೇ ಆಯ್ತು. ಆದ್ರೆ ಇಷ್ಟು ದಿನ ನನ್ನ ನೋಡಿ ನಕ್ಕಿದ್ದು ಈ ಬಾಯೇ ಅಲ್ವಾ? ಆಪರೇಷನ್ ಆದ್ಮೇಲೆ ಈ ಮುಖ ಇರಲ್ಲ. ಇದ್ದ ಹಾಗೇ ತೆಗೆದುಕೊಡಿ, ಏನೂ ಮುಚ್ಚಬೇಡಿ."

ಇದ್ದ ಹಾಗೇ! ಪಾಪ, ಅವನ ಕಣ್ಣಿಗೆ ಏನಾದರೂ ಇದ್ದ ಹಾಗೆ ಕಂಡು ಎಷ್ಟು ಕಾಲವಾಗಿತ್ತೋ. ಲೋಕಕ್ಕೆಲ್ಲ ಯಾರೋ ಹಾಲು ಬೆರೆಸಿಬಿಟ್ಟಿದ್ದರು. ದೀಪಗಳು ಅರಳಿಕೊಂಡಿದ್ದವು, ಬೀದಿಯ ಆಚೆ ಬದಿ ತೇಲುತ್ತಿತ್ತು, ಜನ ಅಂಚಿಲ್ಲದೆ ಬಂದು ಅಂಚಿಲ್ಲದೆ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ಅವನಿಗೆ ಅದು ಇಷ್ಟವೂ ಆಗಿತ್ತು. ಆದರೆ ಕಣ್ಣಿಗೆ ಪೊರೆ ಬಂದಿದೆ ಎಂದು ಒಪ್ಪಿಕೊಂಡರೆ ಕ್ಯಾಮೆರಾ ಕೆಳಗಿಡಬೇಕಾದೀತು ಎಂಬ ಹೆದರಿಕೆಗೆ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಕೈಯ ಅಂದಾಜಿನಲ್ಲೇ ಉಂಗುರ ತಿರುಗಿಸಿ ಫೋಕಸ್ ಮಾಡುತ್ತಿದ್ದ. ಫೋಟೋ ಮಂಜುಮಂಜಾಗಿ ಬಂದಾಗಲೆಲ್ಲ ಕೌಂಟರಿನಲ್ಲಿ ಕೂತ ಅವನ ಹೆಂಡತಿ ಗಿರಾಕಿಗಳಿಗೆ, "ಇದು ಕನಸಿನ ಫೋಟೋ, ಹೀಗೇ ಬರಬೇಕು," ಎಂದುಬಿಡುತ್ತಿದ್ದಳು. ಗಿರಾಕಿಗಳು ನಂಬಿದರು. ಮದುವೆ ಗೊತ್ತಾದ ಜೋಡಿಗಳು ಕನಸಿನ ಫೋಟೋ ಎಲ್ಲಿ ತೆಗೀತಾರೆ ಎಂದು ಹುಡುಕಿಕೊಂಡು ಬರತೊಡಗಿದರು. ಹೆಂಡತಿ ಮನಸಾರೆ ಹೊಗಳುತ್ತಿದ್ದಾಳೆಂದೇ ಈ ಪುಣ್ಯಾತ್ಮನೂ ನಂಬಿದ್ದ.

ಈಗ ಲೆನ್ಸಿನ ಪಕ್ಕವನ್ನು ಬೆರಳಿನಿಂದ ತಡವಿ ನೋಡಿದ. ಗುಂಡಿ ಆಟೋ ಕಡೆಗಿತ್ತು, ಲೆನ್ಸು ತಾನೇ ಫೋಕಸ್ ಮಾಡಿಕೊಳ್ಳುವ ಕಡೆಗೆ. ಅವನು ಅದನ್ನು ಕೈಯಿಂದ ತಿರುಗಿಸುವ ಮ್ಯಾನ್ಯುಯಲ್‌ನಿಂದ ಕದಲಿಸಿದವನೇ ಅಲ್ಲ. ಆಟೋದಲ್ಲಿರುವಾಗ ಒಳಗಿನ ಮೋಟರು ಉಂಗುರವನ್ನು ಹಿಡಿದುಕೊಂಡಿರುತ್ತದೆ. ಹೊರಗಿನಿಂದ ಕೈಯೂ ಎಳೆದಾಡಿದರೆ ಹಲ್ಲುಚಕ್ರ ಮುರಿದು ಲೆನ್ಸು ಮೂಲೆ ಸೇರುತ್ತದೆ. "ಮೊದಲು ಗುಂಡಿ, ಆಮೇಲೆ ಉಂಗುರ," ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಪಾಠ ಮಾಡಿದವನು ಅವನೇ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ," ಎಂದಳು, ಬೆಳಕು ತಿರುಗಿಸುವ ಬಿಳಿ ಹಲಗೆ ಹಿಡಿದು ನಿಂತಿದ್ದ ಹೆಂಡತಿ. "ನೀವು ಪರದೆ ಸರಿ ಮಾಡ್ತಿದ್ದಾಗ."

"ಒಂದು ಮಾತು ಹೇಳಬಾರದಿತ್ತಾ? ಹಲ್ಲು ಮುರಿದಿದ್ರೆ?"

"ಹೇಳಿದ್ರೆ ಕೇಳ್ತಿದ್ರಾ?" ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಹೋದ ವಾರ ಒಂದು ಮಗು ಫೋಟೋ ತೆಗೆದ್ರಲ್ಲ, ಅದ್ರಲ್ಲಿ ಗೋಡೆ ಮೇಲಿನ ಮೊಳೆ ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ? ಮಗುವಿಗೇ ಮುಖ ಇರಲಿಲ್ಲ. ಇಷ್ಟು ದಿನ ಕನಸು ಅಂತ ಹೇಳಿ ಸಾಗಹಾಕಿದೆ. ಇವತ್ತು ಇವಳಿಗೂ ಕನಸು ಕೊಟ್ಟು ಕಳಿಸ್ಲಾ?"

ಅವನ ಮುಖ ಸಣ್ಣಗಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲ್ಲ ತಿಳಿದೂ ಇವಳು ಇಷ್ಟು ದಿನ ತನ್ನ ಜೊತೆ ಆ ಮಂಜಿನಲ್ಲೇ ನಡೆದಳಲ್ಲ ಎಂದುಕೊಂಡ.

"ಉಂಗುರದ ಮೇಲಿಂದ ಕೈ ತೆಗೀರಿ," ಎಂದಳು ಅವಳು. "ಅದು ಹಿಡ್ಕೊಂಡಿದೆ. ನೀವು ಬಿಡಿ."

ಅವನು ಬಿಟ್ಟ. ಎಡಗೈಯನ್ನು ಕ್ಯಾಮೆರಾದ ತಳಕ್ಕೆ ಕೊಟ್ಟು ಫೋಟೋ ತೆಗೆಯುವ ಬಟನ್ನನ್ನು ಅರ್ಧ ಒತ್ತಿದ. ಲೆನ್ಸು ಝುಂಯ್ ಎಂದು ಮುಂದೆ ಹೋಯಿತು, ಹಿಂದೆ ಬಂತು, ಬಿಳಿ ಪರದೆಯಲ್ಲಿ ಏನೂ ಸಿಗದೆ ಮತ್ತೆ ಮುಂದೆ ಹೋಯಿತು. ಮುರಿದೇ ಹೋಯಿತು ಎಂದುಕೊಂಡ. ಅಷ್ಟರಲ್ಲಿ ಪಿಪ್ ಎಂದು ನಿಂತಿತು. ಆ ಸದ್ದಿಗೆ ಮಗುವಿಗೆ ಎಲ್ಲಿಲ್ಲದ ಖುಷಿಯಾಗಿ ಇದ್ದಷ್ಟೂ ಬಾಯಿ ಬಿಟ್ಟು ನಕ್ಕಿತು. ಅವನು ಪೂರ್ತಿ ಒತ್ತಿದ.

ಕ್ಯಾಮೆರಾದ ಹಿಂಬದಿಯ ಪುಟ್ಟ ಸ್ಕ್ರೀನಿನಲ್ಲಿ ಅವನಿಗೆ ಕಂಡದ್ದು ಒಂದು ಬೆಳಕಿನ ಮುದ್ದೆ. ಹೆಂಡತಿ ಬಗ್ಗಿ ನೋಡಿ, "ರೆಪ್ಪೆ ಕೂದಲೂ ಬೇರೆ ಬೇರೆ ಕಾಣ್ತಿದೆ," ಎಂದಳು. ತಾಯಿ ಎದ್ದು ಬಂದು ನೋಡಿದಳು. ಮಗುವಿನ ನೆತ್ತಿಯಲ್ಲಿ ಮುಖ ಹುದುಗಿಸಿಕೊಂಡಳು.

ಫೋಟೋಗ್ರಾಫರ್ ಆ ತಾಯಿಯ ಕಡೆ ತಿರುಗಿದ. "ಆ ಆಸ್ಪತ್ರೇಲಿ ಕಣ್ಣಿಂದೂ ಮಾಡ್ತಾರೇನಮ್ಮಾ?"

ಹೆಂಡತಿಯ ಕೈಯಿಂದ ಬಿಳಿ ಹಲಗೆ ಜಾರಿ ಬಿತ್ತು. "ಮಾಡ್ತಾರೆ," ಎಂದಳು ತಾಯಿ.

ಅವರು ಹೋದ ಮೇಲೆ ಹೆಂಡತಿ ಕಿಟಕಿಯ ಹತ್ತಿರ ಪರದೆ ಮಡಚುತ್ತ ನಿಂತಳು. ಹಿಂದಿನಿಂದ ಬಂದ ಬಿಸಿಲು ಅವಳ ಕೂದಲಿಗೆ, ಕೆನ್ನೆಗೆ, ಭುಜಕ್ಕೆ ಹತ್ತಿಕೊಂಡು, ಅವಳೆಲ್ಲಿ ಮುಗಿದಳು ಬೆಳಕೆಲ್ಲಿ ಶುರುವಾಯಿತು ಎಂದು ಅವನಿಗೆ ತಿಳಿಯದಂತಾಯಿತು. ಬೆರಳಿನಿಂದ ತಡವಿ ಮೊದಲು ಗುಂಡಿಯನ್ನು ಮ್ಯಾನ್ಯುಯಲ್‌ಗೆ ಸರಿಸಿದ. ಆಮೇಲೆ ಉಂಗುರವನ್ನು ತಿರುಗಿಸಿದ. ಹೇಳಿದ ಮಾತು ಕೇಳುತ್ತ ಅದು ಮೆತ್ತಗೆ ತಿರುಗಿತು.

"ಈಗ್ಯಾಕೆ? ನಾನು ತಲೆ ಕೂಡ ಬಾಚಿಲ್ಲ," ಎಂದಳು ಅವಳು.

"ಅಲ್ಲೇ ನಿಲ್ಲು," ಎಂದ. "ಆಪರೇಷನ್ ಆದ್ಮೇಲೆ ಈ ಮುಖ ಇರಲ್ಲ."