ಮಂಡಿನೋವಿಗೊಂದು ಶೇರ್ ಬಟನ್

ಸಮಸ್ತ ಬಂಧುಬಳಗಕ್ಕೆ ತಿಳಿಯಪಡಿಸುವುದೇನೆಂದರೆ, ವನಜಾಕ್ಷಮ್ಮನವರ ಮಂಡಿನೋವಿನ ವೆಬ್‌ಸೈಟಿನಲ್ಲಿ ಶೇರ್ ಬಟನ್ ಕೆಳಗಿನಿಂದ ಮೇಲಕ್ಕೆ ಬಂದಿದೆ.

ಒತ್ತಿದವರ ಮಂಡಿಗೆ ಚೂರು ನೋವು ದಾಟುತ್ತದೆ, ಇವರಿಗೆ ಅಷ್ಟು ಇಳಿಯುತ್ತದೆ. ಈಗ ಎಲ್ಲರ ಮನೆಯಲ್ಲೂ ಇದೇ ಔಷಧ. ಆದರೆ ಇವರದ್ದನ್ನು ಯಾರೂ ಒತ್ತುತ್ತಿರಲಿಲ್ಲ. ನೆಲದಲ್ಲಿ ಕೂತು ವೀಣೆ ನುಡಿಸುವ ಆಸೆ ಚಾಪೆಯ ಜೊತೆ ಮೂಲೆ ಸೇರಿತ್ತು.

"ನೋವು ಅಂತ ಹಾಕಿದ್ರೆ ಯಾರಮ್ಮ ಒತ್ತಾರೆ? ಗುಲಾಬಿ ಹಾಕಿ ಶುಭೋದಯ ಅನ್ನು. ನಮ್ಮೋರು ಕಣ್ಮುಚ್ಕೊಂಡು ಒತ್ತಾರೆ" ಎಂದಳು ಮಗಳು ಸ್ಫೂರ್ತಿ.

ಹಾಗೇ ಆಯಿತು. ಮರುದಿನ ಕಾಫಿ ಆರುವ ಮೊದಲೇ ಮಂಡಿ ಹಗುರಾಯಿತು. ವನಜಾಕ್ಷಮ್ಮ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು, ವೀಣೆ ಎತ್ತಿಕೊಂಡರು. ತಂತಿ ಮೀಟುವಷ್ಟರಲ್ಲಿ ಮಂಡಿ ಚುರ್ರೆಂದಿತು.

"ಏನಾಯ್ತೇ?"

ಸ್ಫೂರ್ತಿ ಫೋನ್ ನೋಡಿದಳು. "ಅತ್ತೆ ನಿನ್ನ ಗುಲಾಬೀನ ಮನೆಯವ್ರ ಗ್ರೂಪಿಗೇ ಹಾಕಿದಾರೆ. ಗ್ರೂಪಲ್ಲಿರೋರಿಗೆಲ್ಲ ಪಾಲು ಬರುತ್ತೆ, ನಿಂಗೂ."

"ನನ್ನ ಅದ್ರಿಂದ ತೆಗಿಯೇ, ಸಾಕಾಯ್ತು."

"ಆಗಲ್ಲಮ್ಮ, ಅಡ್ಮಿನ್ ನೀನೇ. ಇನ್ನೊಬ್ರು ಅಡ್ಮಿನ್ ಆಗೋಕೆ ಒಪ್ಪೋವರೆಗೂ ಬಿಡೋ ಹಾಗಿಲ್ಲ."

ವನಜಾಕ್ಷಮ್ಮ ನಿಟ್ಟುಸಿರಿಟ್ಟು, ಯಾರಾದರೂ ಅಡ್ಮಿನ್ ಆಗುತ್ತೀರಾ ಎಂದು ಗ್ರೂಪಿನಲ್ಲಿ ಕೇಳಿದರು.

ಎಲ್ಲರೂ ಕೂಡಲೇ ಉತ್ತರಿಸಿದರು. ಒಬ್ಬೊಬ್ಬರೂ ಒಂದೊಂದು ಗುಲಾಬಿ ಕಳಿಸಿದರು.