ಒಂದೇ ಪದದ ಚೀಟಿ

ಬೆಳಿಗ್ಗೆ ಹನ್ನೊಂದೂ ಹತ್ತು. ಟೈಲರಮ್ಮ ತನ್ನ ಇಚ್ಛಾಪತ್ರದ ಮೂರನೆಯ ಕರಡನ್ನೂ ವಕೀಲೆಯ ಕಡೆಗೆ ವಾಪಸು ತಳ್ಳಿದಳು.

ಆಸ್ತಿಯ ಪತ್ರವಲ್ಲ ಅದು. ನಾಳೆ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂಬ ಪತ್ರ. ಮಾತಾಡಬೇಕಾದವಳು ಪಕ್ಕದಲ್ಲೇ ಇದ್ದಳು: ಅಕ್ಕನ ಮಗಳು, ಹದಿನೆಂಟು ತುಂಬಿ ಮೂರು ವಾರ. ಕೂರಬಹುದಾ ಎಂದು ಕೇಳಿಯೇ ಕೂತಿದ್ದಳು. ಅವಳ ಚೀಲದ ಮೂಲೆಯಲ್ಲಿ ಕೆಂಪು ದಾರದಲ್ಲಿ ೪೧ ಎಂದು ಹೊಲಿದಿತ್ತು. ಒರಟು ಹೊಲಿಗೆ, ಟೈಲರಮ್ಮನ ಕೈಯದಲ್ಲ.

"ಈಗೇನಮ್ಮಾ ತಪ್ಪು?" ವಕೀಲೆ ಕನ್ನಡಕ ತೆಗೆದರು. "ರವಿಕೆಗೂ ಇಷ್ಟು ಸಲ ಅಳತೆ ತಗೊಳ್ತೀರಾ?"

"ರವಿಕೆಯಾದ್ರೆ ಬಿಚ್ಚಿ ಹೊಲೀಬಹುದು ಮೇಡಂ." ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ನೋವು ತಗ್ಗಿಸುವ ಔಷಧ ಸಾಕು ಎಂದಿತ್ತು. "ಈ ಪದ ಬೇಡ."

ಯಾಕೆಂದೂ ಹೇಳಿದಳು. ಹತ್ತು ವರ್ಷದ ಹಿಂದೆ ಅಕ್ಕನ ಗಂಟಲಿಗೆ ಉಸಿರಾಟದ ಕೊಳವೆ ಹಾಕಿದ್ದರು. ಮಾತಿಲ್ಲ. ಒಂದು ಕೈಯಲ್ಲಿ ಮಂಚದ ಬಳಿ ನಿಂತ ಮಗಳ ಜಡೆ ಹಿಡಿದುಕೊಂಡು, ಇನ್ನೊಂದರಲ್ಲಿ ಚೀಟಿಯ ಮೇಲೆ ಒಂದೇ ಪದ ಗೀಚಿ ತಂಗಿಯ ಅಂಗೈಗೆ ತುರುಕಿದಳು: ಸಾಕು. ಮಾರನೆಯ ದಿನ ಪ್ರಜ್ಞೆ ಹೋಯಿತು. ಗುಣವಾಗುವ ಆಸೆ ಕಡಿಮೆ, ಯಂತ್ರ ಇಡುವುದೋ ತೆಗೆಯುವುದೋ ಮನೆಯವರು ಹೇಳಿ ಎಂದರು ಡಾಕ್ಟರು. ಮನೆಯವರೆಂದರೆ ತಂಗಿಯೊಬ್ಬಳೇ. ಅವಳು ಚೀಟಿ ತೋರಿಸಿದಳು. ಸಂಜೆಯೊಳಗೆ ಯಂತ್ರ ನಿಂತಿತು.

"ಅವಳೇ ಕೇಳ್ಕೊಂಡಿದ್ದು," ಎಂದಳು ಟೈಲರಮ್ಮ. "ಆದ್ರೂ ದಿನಾ ಮಷಿನ್ ತುಳಿಯೋವಾಗ ಆ ಉಸಿರು ಕೇಳತ್ತೆ. ಕಾಲು ನಿಲ್ಲಿಸಿದ್ರೆ ಅದೂ ನಿಲ್ಲತ್ತೆ."

ವಕೀಲೆ ತಮಾಷೆ ಬಿಟ್ಟು ಆ ಸಾಲು ಹೊಡೆದುಹಾಕಿದರು. ಇನ್ನುಳಿದದ್ದು ಪ್ರತಿನಿಧಿಯ ಸಹಿ. ಅದಕ್ಕೆ ಮುಂಚೆ ಅಮ್ಮನ ಅಕ್ಷರ ನೋಡಬೇಕೆಂದಳು ಹುಡುಗಿ; ಅಮ್ಮನದೆಂದು ಅವಳ ಹತ್ತಿರ ಏನೂ ಇರಲಿಲ್ಲ. ಟೈಲರಮ್ಮ ಪರ್ಸಿನಿಂದ ಚೀಟಿ ತೆಗೆದುಕೊಟ್ಟಳು. ಮಡಿಚಿದ ಕಡೆಯೆಲ್ಲ ಹರಿದಿತ್ತು.

ಹುಡುಗಿ ಒಂದೇ ಸಲ ಓದಿದಳು.

"ಸಾಕು ಅಂದಿದ್ದು ನನ್ನನ್ನಾ, ಚಿಕ್ಕಮ್ಮ?"

ವಕೀಲೆ ತೋರಿಸಿದ ಜಾಗದಲ್ಲಿ ಹುಡುಗಿ ಸಹಿ ಮಾಡಿ, ಒಂದು ಗಂಟೆಯ ಬಸ್ಸಿಗೆ ಒಬ್ಬಳೇ ಹೊರಟಳು, ಹತ್ತು ವರ್ಷದ ಹಿಂದೆ ಚಿಕ್ಕಮ್ಮ ತನ್ನನ್ನು ಬಿಟ್ಟುಬಂದಿದ್ದ ಅನಾಥಾಲಯಕ್ಕೆ.