ತಗ್ಗು ಸೇತುವೆಯ ದಾರಿ

ಲಿನ್ಸಿ ಬ್ರೇಕ್ ಹಾಕುವಷ್ಟರಲ್ಲಿ ಬಸ್ಸಿನ ಮುಂದಿನ ಚಕ್ರಗಳು ನೀರಿಗಿಳಿದಿದ್ದವು. ಈಶಾನ್ಯದ ಗಾಳಿಗೆ ಉಬ್ಬಿದ ಸಮುದ್ರ ಮರಳಿನ ದಿಬ್ಬ ಹಾರಿ ಬಂದು ನಾರ್ಥಂಬರ್ಲೆಂಡಿನ ಆ ಕರಾವಳಿ ರಸ್ತೆಯನ್ನು ನುಂಗಿ ಕೂತಿತ್ತು. ಒಳದಾರಿಯೊಂದಿತ್ತು. ಆದರೆ ಅಲ್ಲಿನ ಕಲ್ಲಿನ ರೈಲ್ವೆ ಸೇತುವೆ ತೀರಾ ತಗ್ಗು. ಅವಳ ಎರಡಂತಸ್ತಿನ ಬಸ್ಸು ಅದರಡಿ ನುಸುಳುವ ಮಾತೇ ಇರಲಿಲ್ಲ. ಬದಲಿ ಬಸ್ಸು ಬರಲು ಮಧ್ಯಾಹ್ನವಾದೀತು, ಬೇರೆ ಗಾಡಿ ಸಿಕ್ಕರೆ ಜನರನ್ನು ನೀನೇ ಜೊತೆಗಿದ್ದು ಕರೆದುಕೊಂಡು ಹೋಗು ಎಂದರು ಡಿಪೋದವರು, ಫೋನಿನಲ್ಲಿ.

ಬಸ್ಸನ್ನು ಹಿಂದಕ್ಕೆ, ಎತ್ತರದ ಜಾಗಕ್ಕೆ ತಂದು ನಿಲ್ಲಿಸಿದಳು. ಇದ್ದವರು ಏಳೆಂಟು ಜನ. ಬೇರೆಯವರ ಕೆಲಸ ನಾಳೆಗೂ ಆದೀತು, ಐಸಾ ಟೇಟ್ ಅಜ್ಜಿಯದು ಆಗದು. ಆಕೆ ಪಟ್ಟಣದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೊರಟವಳು. ಎಲ್ಲರಿಗೂ ಪೆಪ್ಪರ್‌ಮಿಂಟ್ ಹಂಚುತ್ತ ನಗುತ್ತಿದ್ದಳು. ಕಾಲು ಮಾತ್ರ ಬೂಟಿನಿಂದ ಹೊರಗೆ ಉಬ್ಬಿಕೊಂಡಿತ್ತು.

ಅಷ್ಟರಲ್ಲಿ ಹಿಂದಿನಿಂದ ಹಸಿರು ಬಣ್ಣದ ಚಿಕ್ಕ ಬಸ್ಸೊಂದು ಮೆಲ್ಲಗೆ ಬಂತು. ಅದು ಲಿನ್ಸಿಯ ಅಪ್ಪ ರಿಡ್ಲಿಯದು. ಒಂದೇ ಬಸ್ಸಿಟ್ಟುಕೊಂಡು ಊರೂರು ಸುತ್ತಿ ಮಗಳನ್ನು ಬೆಳೆಸಿದವನು ಅವನು. ಡ್ರೈವಿಂಗ್ ಕಲಿಸಿದ್ದೂ ಅವನೇ. ಅವಳು ಖಾಯಂ ಸಂಬಳಕ್ಕೆಂದು ದೊಡ್ಡ ಕಂಪನಿ ಸೇರಿದ ದಿನದಿಂದ ಮಾತು ನಿಂತಿತ್ತು. ಆ ರಸ್ತೆಯಲ್ಲಿ ಎದುರು ಬದುರಾದ ಡ್ರೈವರುಗಳೆಲ್ಲ ಕೈಯೆತ್ತುತ್ತಾರೆ. ಇವರಿಬ್ಬರು ಅದನ್ನೂ ಬಿಟ್ಟಿದ್ದರು.

ಲಿನ್ಸಿ ರಸ್ತೆ ಬದಿಗೆ ನಿಂತು, ಪ್ರಯಾಣಿಕರ ಹಾಗೆ ಕೈ ಅಡ್ಡ ಹಿಡಿದಳು. ಬಾಗಿಲು ತೆರೆಯಿತು.

"ಎಲ್ಲಿಗೆ?" ಎಂದ ರಿಡ್ಲಿ, ಗುರುತೇ ಇಲ್ಲದವನಂತೆ.

ಅವಳು ವಿಷಯ ಹೇಳಿದಳು. ಅವನು ಕೇಳಿಸಿಕೊಂಡು ಅಡ್ಡಡ್ಡ ತಲೆಯಾಡಿಸಿದ. "ನಾನು ಯಾರನ್ನೂ ಹತ್ತಿಸಲ್ಲ."

ಲಿನ್ಸಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮೇಲಿನ ಹಟ ನನ್ನ ಮೇಲಿರಲಿ ಅಪ್ಪ. ಐಸಾ ಅಜ್ಜಿ ನಿನಗೇನು ಮಾಡಿದ್ದಾರೆ?"

ರಿಡ್ಲಿ ಸ್ಟಿಯರಿಂಗಿನಿಂದ ಕೈ ತೆಗೆದ. "ಹಟ ಅಲ್ಲ ಕಣೇ. ಎಡಗಣ್ಣಲ್ಲಿ ಮಂಜು ಕವಿದಂಗಿದೆ. ಸ್ಕೂಲ್ ಮಕ್ಕಳನ್ನ ಹತ್ತಿಸೋದನ್ನೂ ಬಿಟ್ಟೆ. ಗಾಡಿ ಕೊಳ್ಳೋನೊಬ್ಬ ಸಿಕ್ಕಿದ್ದಾನೆ, ಅವನಿಗೆ ಒಪ್ಪಿಸೋಕೆ ಹೊರಟಿದ್ದೆ."

ಗಾಳಿ ಬಾಗಿಲನ್ನು ಅಲುಗಿಸುತ್ತಿತ್ತು. ಇಷ್ಟು ದಿನ ಒಬ್ಬನೇ ಇದನ್ನು ನುಂಗಿಕೊಂಡಿದ್ದಾನಲ್ಲ ಎಂದುಕೊಂಡಳು ಲಿನ್ಸಿ. ಅಷ್ಟರಲ್ಲಿ ಅಪ್ಪ ಸೀಟು ಬಿಟ್ಟು ಎದ್ದಿದ್ದ.

"ಓಡಿಸೋಕೆ ನೀನಿದ್ದೀಯಲ್ಲ, ಕೂತ್ಕೋ."

"ಇನ್ಶೂರೆನ್ಸು?"

"ಅದ್ರಿಂದ ನಿನ್ನ ಹೆಸರು ನಾನು ತೆಗೆಸಿದ್ರೆ ತಾನೆ?"

ಲಿನ್ಸಿ ಮುಖ ಆ ಕಡೆ ತಿರುಗಿಸಿ ಕನ್ನಡಿ ಸರಿಮಾಡಿಕೊಂಡಳು. ದೊಡ್ಡ ಬಸ್ಸಿಗೆ ಬೀಗ ಬಿತ್ತು. ಐಸಾ ಅಜ್ಜಿಯ ಕೈ ಹಿಡಿದು ಹತ್ತಿಸಿದವನು ರಿಡ್ಲಿಯೇ. ತನ್ನ ಬಸ್ಸಿನಲ್ಲಿ ಪ್ರಯಾಣಿಕನಾಗಿ ಎಲ್ಲಿ ಕೂರಬೇಕೆಂದು ತಿಳಿಯದೆ ಕೊನೆಗೆ ಅಜ್ಜಿಯ ಪಕ್ಕದಲ್ಲೇ ಕುಳಿತ. ಬಸ್ಸು ಒಳದಾರಿ ಹಿಡಿದು ಸೇತುವೆಯಡಿ ತೂರಿದಾಗ ಎಲ್ಲರೂ ಸುಮ್ಮನೆ ತಲೆ ತಗ್ಗಿಸಿದರು, ಆಮೇಲೆ ನಕ್ಕರು.

ಏರು ಶುರುವಾದಾಗ ಗೇರ್ ಕಿರ್ರೆಂದಿತು. "ಈ ಕ್ಲಚ್ ಇನ್ನೂ ಮಾಡಿಸಿಲ್ವಾ?" ಲಿನ್ಸಿ ಮುಂದೆ ನೋಡುತ್ತಲೇ ಕೇಳಿದಳು.

"ಕೊಳ್ಳೋನು ಮಾಡಿಸ್ಕೊಳ್ಳಲಿ ಅಂತ ಬಿಟ್ಟಿದ್ದೆ."

"ಭಾನುವಾರ ಬರ್ತೀನಿ. ನಾನೇ ಬಿಚ್ಚಿ ನೋಡ್ತೀನಿ. ಅವನಿಗೆ ಫೋನ್ ಮಾಡಿ ಬೇಡ ಅನ್ನು. ಕಣ್ಣಿನ ಡಾಕ್ಟರ ಹತ್ರಾನೂ ಹೋಗೋಣ."

ಕನ್ನಡಿಯಲ್ಲಿ ನೋಡಿದಳು. ಅಪ್ಪ ಕಿಟಕಿಗೆ ಹಣೆಯೊತ್ತಿ ಕೂತಿದ್ದ. ಗುಡ್ಡದ ನೆತ್ತಿಯಿಂದ ಕೆಳಗೆ ಇಡೀ ಸಮುದ್ರ ಬಿಸಿಲಿಗೆ ಬಿದ್ದುಕೊಂಡಿತ್ತು.

"ಐಸಾ, ಇಲ್ಲಿಂದ ಸಮುದ್ರ ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ನೀವ್ಯಾರೂ ಒಂದಿನಾನೂ ನನಗೆ ಹೇಳಲಿಲ್ಲವಲ್ಲ," ಎಂದ ರಿಡ್ಲಿ.

"ಹೇಳಿದ್ರೆ ನೀನು ರಸ್ತೆ ಬಿಟ್ಟು ಅದನ್ನೇ ನೋಡ್ತಿದ್ದೆ," ಅಜ್ಜಿ ಅವನ ಅಂಗೈಯಲ್ಲೊಂದು ಪೆಪ್ಪರ್‌ಮಿಂಟ್ ಇಟ್ಟಳು. "ನಾವೆಲ್ಲ ಬಸ್ಸು ಸಮೇತ ಚರಂಡೀಲಿರ್ತಿದ್ವಿ. ಈಗ ನೋಡು, ಆರಾಮಾಗಿ."